ಒಂದು ಚಮಚ ಆಮ್‌ಚೂರ್

ಕನ್ನಡದಲ್ಲಿ ಅಡುಗೆ ಪುಸ್ತಕಗಳಿಗೆ ವಿಮರ್ಶೆ ಬರೆಯುವ ರೂಢಿಯಿಲ್ಲ. ಕವಿತೆ, ಕಥೆ, ಕಾದಂಬರಿಗಳಿಗೆ ವಿಮರ್ಶಕರಿದ್ದಾರೆ; ಸಂಶೋಧನಾ ಪ್ರಬಂಧಕ್ಕೂ ಎಲ್ಲೋ ಒಂದು ಕಡೆ ನಾಲ್ಕು ಸಾಲಿನ ಸ್ವಾಗತ ಸಿಗುತ್ತದೆ. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಎಲ್ಲಕ್ಕಿಂತ ಮುಂದೆ ನೇತಾಡುವ ಅಡುಗೆ ಪುಸ್ತಕವನ್ನು ಮಾತ್ರ ಯಾರೂ ಓದಿ ಅಭಿಪ್ರಾಯ ಹೇಳುವುದಿಲ್ಲ. ಅದು ಹೆಂಗಸರ ಪುಸ್ತಕ, ಎಣ್ಣೆ ಮೆತ್ತಿದ ಮೇಲೆ ರದ್ದಿಗೆ ಹೋಗುವ ಪುಸ್ತಕ ಎಂಬ ತಾತ್ಸಾರ ಇದಕ್ಕೆ ಕಾರಣವಿರಬೇಕು. ನಾವು ಕಥೆ ಬರೆಯುವವರು. ಒಂದು ವಾಕ್ಯದಲ್ಲಿ ಯಾರು ಇದ್ದಾರೆ, ಯಾರನ್ನು ಹೊರಗೆ ನಿಲ್ಲಿಸಲಾಗಿದೆ ಎಂದು ನೋಡುವುದು ನಮ್ಮ ಕಸುಬು. ಹಾಗಾಗಿ ಇಂಥ ಪುಸ್ತಕಗಳಲ್ಲೂ ಟಿವಿಯ ಅಡುಗೆ ಕಾರ್ಯಕ್ರಮಗಳಲ್ಲೂ ಮತ್ತೆ ಮತ್ತೆ ಬರುವ ಒಂದೇ ಸೂಚನೆಯನ್ನು ಇಲ್ಲಿ ಹಿಡಿದುಕೊಂಡಿದ್ದೇವೆ: ಕೊನೆಗೆ ಒಂದು ಚಮಚ ಆಮ್‌ಚೂರ್ ಹಾಕಿ ಇಳಿಸಿ.

ಹಾಕುವವರು ಯಾರು, ಆ ಚಮಚದೊಳಗಿನ ಪುಡಿ ಬಂದದ್ದು ಎಲ್ಲಿಂದ? ಆಮ್ ಎಂದರೆ ಮಾವು, ಚೂರ್ ಎಂದರೆ ಪುಡಿ. ಸಂಸ್ಕೃತದ ಆಮ್ರವೂ ಚೂರ್ಣವೂ ಉರ್ದು, ಹಿಂದಿಯ ನಾಲಗೆಯಲ್ಲಿ ಸವೆದು ಆದ ಮಾತು. ಮಾಡುವ ರೀತಿ ಹೇಳಲು ಸುಲಭ. ಬಲಿತು ಹಣ್ಣಾಗದ ಹುಳಿ ಮಾವಿನಕಾಯಿ ಬೇಕು. ಗಾಳಿಗೆ ಉದುರಿದ ಕಾಯಿಯೂ ನಡೆಯುತ್ತದೆ. ಸಿಪ್ಪೆ ತೆಗೆದು, ಗೊರಟೆ ಬಿಡಿಸಿ, ತೆಳ್ಳಗೆ ಹೋಳು ಮಾಡಿ, ನಾಲ್ಕೈದು ದಿನ ಬಿರುಬಿಸಿಲಿನಲ್ಲಿ ಹರವಬೇಕು. ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದರೆ ಹೋಳು ಕಪ್ಪಾಗುತ್ತದೆ. ಬಣ್ಣ ಕೆಡದಿರಲೆಂದು ಕೆಲವರು ಸ್ವಲ್ಪ ಉಪ್ಪು, ಅರಿಶಿನ ಸವರುತ್ತಾರೆ. ಬಗ್ಗಿಸಿದರೆ ಬಾಗದೆ ಚಟ್ಟನೆ ಮುರಿಯಬೇಕು, ಆಗ ಒಣಗಿತು ಎಂದರ್ಥ. ಪುಡಿ ಮಾಡಿಟ್ಟರೆ ಗಾಳಿಯ ತೇವ ಎಳೆದುಕೊಂಡು ಗಡ್ಡೆ ಕಟ್ಟುತ್ತದೆ, ಆದ್ದರಿಂದ ತಿಳಿದವರು ಹೋಳಾಗಿಯೇ ಇಟ್ಟು ಬೇಕೆಂದಾಗ ಕುಟ್ಟಿಕೊಳ್ಳುತ್ತಾರೆ. ಹಸಿ ಕಾಯಿಯ ತಿರುಳಿನಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಹೆಚ್ಚು ನೀರೇ. ಸಿಪ್ಪೆ, ಗೊರಟೆ ಹೋಗಿ, ನೀರು ಆರಿ, ಹತ್ತು ಕಿಲೋ ಕಾಯಿಯಿಂದ ಒಂದು ಕಿಲೋ ಸಿಕ್ಕರೆ ಅದೇ ದೊಡ್ಡದು. ಉರ್ದುವಿನಲ್ಲಿ ಒಂದು ಗಾದೆಯಿದೆ, ಆಮ್ ಕೆ ಆಮ್, ಗುಠಲಿಯೋಂ ಕೆ ದಾಮ್ ಎಂದು. ಮಾವಿಗೆ ಮಾವು, ಗೊರಟೆಗೂ ಕಾಸು. ಆಮ್‌ಚೂರಿನ ಲೆಕ್ಕದಲ್ಲಿ ಈ ಗಾದೆ ನಿಜವಾಗುವುದು ವ್ಯಾಪಾರಿಗೆ ಮಾತ್ರ. ಹೆಚ್ಚಿದ ಕೈಗೆ ಉಳಿಯುವುದು ಸೊನೆಯ ಕಲೆ, ಹುಳಿಯ ಉರಿ.

ಈ ಕೈಗಳು ಇರುವ ಊರುಗಳು ನಮಗೆ ತೀರ ದೂರದವಲ್ಲ. ತೆಲಂಗಾಣದ ನಿಜಾಮಾಬಾದ್ ಮಾರುಕಟ್ಟೆ ಆಮ್‌ಚೂರ್ ವ್ಯಾಪಾರಕ್ಕೆ ಹೆಸರಾದದ್ದು. ಸುತ್ತಲಿನ ಜಿಲ್ಲೆಗಳ ಒಣ ಹೋಳು ಅಲ್ಲಿಗೆ ಬಂದು, ಅಲ್ಲಿಂದ ಉತ್ತರದ ಕಡೆಗೆ ಹೋಗುತ್ತದೆ. ಮಧ್ಯಪ್ರದೇಶದ ಆಲಿರಾಜಪುರದಲ್ಲಿ ಭಿಲ್, ಭಿಲಾಲ ಆದಿವಾಸಿ ಕುಟುಂಬಗಳ ಬೇಸಿಗೆಯ ದುಡಿಮೆಯೇ ಇದು. ತಮಾಷೆಯೆಂದರೆ, ತೆಲಂಗಾಣದ ಮನೆಯಡುಗೆಯಲ್ಲಿ ಆಮ್‌ಚೂರಿಗೆ ದೊಡ್ಡ ಜಾಗವಿಲ್ಲ. ಅಲ್ಲಿನವರು ಹುಣಸೆಯವರು. 1948ರ ತನಕ ರಾಯಚೂರು, ನಿಜಾಮಾಬಾದ್ ಎರಡೂ ಒಂದೇ ಸಂಸ್ಥಾನದ ಜಿಲ್ಲೆಗಳಾಗಿದ್ದವು. ಅಲ್ಲಿ ಒಣಗಿದ ಹುಳಿ ಉತ್ತರಕ್ಕೆ ಹೋಗಿ, ಚಾಟ್ ಮಸಾಲೆಯ ಡಬ್ಬಿ ಸೇರಿ, ಬಣ್ಣದ ಕಾಗದ ಹೊದ್ದು ರಾಯಚೂರಿನ ಕಿರಾಣಿ ಅಂಗಡಿಗೆ ಮರಳಿ ಬರುತ್ತದೆ. ಬರುವಾಗ ಅದು 'ಭಾರತೀಯ' ಆಗಿರುತ್ತದೆ.

ಉತ್ತರದವರಿಗೆ ಈ ಪುಡಿ ಏಕೆ ಬೇಕಾಯಿತು ಎನ್ನುವುದರಲ್ಲಿ ಒಂದು ನ್ಯಾಯವಿದೆ. ಅಲ್ಲಿ ಗೋಧಿ ರೊಟ್ಟಿಯ ಜೊತೆಗೆ ಒಣ ಪಲ್ಯ. ಆಲೂ, ಬೆಂಡೆ, ಹಾಗಲ, ಸಮೋಸದ ಹೂರಣ. ಇವಕ್ಕೆ ನೀರು ಸೋಕದ ಹುಳಿ ಬೇಕು. ಬೆಂಡೆಯ ಲೋಳೆಯನ್ನು ಹುಳಿ ತಗ್ಗಿಸುತ್ತದೆ. ಮಾಂಸಕ್ಕೆ ಸವರಿಟ್ಟರೆ ಮೆದುವಾಗುತ್ತದೆ. ನಮ್ಮ ಕಡೆ ಜೋಳದ ರೊಟ್ಟಿ. ರೊಟ್ಟಿ ಒಣಗಿದ್ದು, ಕಟಿಯಾದದ್ದು. ಅದನ್ನು ನೆನೆಸಲು ಹಸಿ ಪಲ್ಯ, ಬೇಳೆ, ಸಾರು ಬೇಕು. ಆದ್ದರಿಂದ ನಮ್ಮ ಹುಳಿ ನೀರಿನ ಹುಳಿ, ನೆನೆಸಿ ಕಿವುಚಿದ ಹುಣಸೆಹಣ್ಣು. ರಾಯಚೂರಿನ ಬೆಳಗಿನ ಒಗ್ಗರಣಿ-ಮಿರ್ಚಿಯ ಮಂಡಾಳಿಗೂ ಅದೇ. ಹುಳಿ ಯಾವುದಾದರೂ ಬೇಳೆ ಬೆಂದ ಮೇಲೆಯೇ ಬೀಳಬೇಕು, ಮೊದಲು ಬಿದ್ದರೆ ಬೇಳೆ ಮೆತ್ತಗಾಗುವುದಿಲ್ಲ. ಇಷ್ಟು ತಿಳಿವಳಿಕೆ ಎರಡೂ ಕಡೆಯ ಹೆಂಗಸರಿಗೆ ಪುಸ್ತಕವಿಲ್ಲದೆ ಇತ್ತು.

ಹುಳಿ ಪಾತ್ರೆಯನ್ನೂ ಆಳುತ್ತದೆ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಹತ್ತಿ ವಿಷವಾಗುತ್ತದೆ. ಆದ್ದರಿಂದ ಒಳಗೆ ತವರದ ಕಲಾಯಿ ಬೇಕಿತ್ತು. ಕಲಾಯಿ ಹಾಕುವವರು ಬಹಳ ಕಡೆ ಮುಸ್ಲಿಮರು. ಬ್ರಾಹ್ಮಣರ ಮನೆಯಾಗಲಿ, ಲಿಂಗಾಯತರ ಮನೆಯಾಗಲಿ, ಅಂಗಳದಲ್ಲಿ ತಿದಿ ಊದಿ, ನವಸಾಗರದ ಹೊಗೆ ಎಬ್ಬಿಸಿ, ಆ ಮನೆಯವರು ಮರುದಿನ ಹುಳಿ ಬೇಯಿಸುವ ಪಾತ್ರೆಯ ಒಳಮೈಯನ್ನು ತನ್ನ ಕೈಯಿಂದ ಬೆಳ್ಳಗೆ ಮಾಡಿ ಕೊಡುತ್ತಿದ್ದವನು ಕಲಾಯಿ ಸಾಬ. ಪಂಕ್ತಿಯಲ್ಲಿ ಕೂರಿಸಿಕೊಳ್ಳದವರೂ ಪಾತ್ರೆಯನ್ನು ಅವನ ಕೈಗೆ ಕೊಡಲೇಬೇಕಿತ್ತು. ಸ್ಟೀಲು ಬಂತು, ಕಲಾಯಿ ಹೋಯಿತು. ನಮ್ಮ ಹಳೆಯ ಅಡುಗೆಯ ಬಗ್ಗೆ ಹಂಬಲಿಸಿ ಬರೆಯುವವರು ಹಿತ್ತಾಳೆಯ ಪಾತ್ರೆಯನ್ನು ನೆನೆಯುತ್ತಾರೆ, ಕಲಾಯಿಯವನನ್ನು ನೆನೆಯುವುದಿಲ್ಲ.

ಇನ್ನು ಪುಂಡಿ. ಹೊಲದ ಅಂಚಿನಲ್ಲಿ ಬೆಳೆಯುವ ಗಿಡ. ಕಾಂಡದಿಂದ ನಾರು, ಎಲೆಯಿಂದ ಪಲ್ಯ. ಜೋಳದ ನುಚ್ಚು ಹಾಕಿ ಬೇಯಿಸಿದ ಪುಂಡಿಪಲ್ಯಕ್ಕೆ ಬೇರೆ ಹುಳಿಯೇ ಬೇಡ. ಅದೇ ಎಲೆ ಪಕ್ಕದ ಮುಸ್ಲಿಂ ಮನೆಯಲ್ಲಿ ಅಂಬಾಡೆ ಕಿ ಭಾಜಿ. ಮಾಂಸಕ್ಕೆ ಬೆರೆತರೆ ಅಂಬಾಡಾ ಗೋಷ್ತ್. ಅದೇ ಎಲೆ ಮಾನ್ವಿಯ ಕಡೆಯ ಕ್ಯಾಂಪುಗಳಲ್ಲಿ ಗೋಂಗೂರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಹಾಕಿದ ಕುಟುಂಬಗಳ ಕ್ಯಾಂಪುಗಳು ಇವು. ಅವರೊಡನೆ ಮಾವಿನಕಾಯಿ ಹಾಕಿದ ಪಪ್ಪೂ ಬಂತು, ಒರುಗು ಎನ್ನುವ ಒಣ ಮಾವಿನ ಹೋಳೂ ಬಂತು. ಒಂದೇ ತಾಲೂಕಿನಲ್ಲಿ ಒಂದು ಎಲೆಗೆ ಮೂರು ಹೆಸರು. ಮೂರನ್ನೂ ಒಂದೇ ಪುಟದಲ್ಲಿ ಬರೆದ ಅಡುಗೆ ಪುಸ್ತಕ ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಹೆಸರು ಬೇರೆಯಾದ್ದರಿಂದ ಅಡುಗೆಯೂ ಬೇರೆ, ಮನೆಯೂ ಬೇರೆ, ಮನಸ್ಸೂ ಬೇರೆ ಎಂದು ಪುಸ್ತಕಗಳು ನಮಗೆ ಕಲಿಸುತ್ತಿವೆ.

ಬರೆಯುವ ಪರಂಪರೆ ಇಲ್ಲ ಎಂದು ಹೇಳುವಂತಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ಬರೆದ ಕನ್ನಡದ 'ಲೋಕೋಪಕಾರ'ದಲ್ಲಿ ಅಡುಗೆಗೂ ಒಂದು ಅಧ್ಯಾಯವಿದೆ. ಅದೇ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಾಂಸದಡುಗೆಗಳ ವಿವರವೂ ಧಾರಾಳವಾಗಿದೆ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲೇ ಬರೆದ. ಜೈನನಾದ್ದರಿಂದ ಅಲ್ಲಿ ಮಾಂಸವಿಲ್ಲ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಮಾಳವದ ಮಾಂಡುವಿನಲ್ಲಿ ಸುಲ್ತಾನ ಘಿಯಾಸ್ ಶಾಹಿಗಾಗಿ 'ನಿಅಮತ್‌ನಾಮಾ' ತಯಾರಾಯಿತು. ಈ ಕೊನೆಯದರ ಚಿತ್ರಗಳು ನಮಗೆ ಮುಖ್ಯ. ದೊಡ್ಡ ಮೀಸೆಯ ಸುಲ್ತಾನ ಕುಳಿತಿರುತ್ತಾನೆ. ಸುತ್ತ ಹೆಂಗಸರು ಒಲೆಯ ಮುಂದೆ, ಪಾತ್ರೆಯ ಮುಂದೆ ದುಡಿಯುತ್ತಿರುತ್ತಾರೆ. ಪಠ್ಯ ರುಚಿಯನ್ನು ರಾಜನ ಹೆಸರಿಗೆ ಬರೆದುಕೊಂಡರೂ ಚಿತ್ರಕಾರ ಕೈಗಳನ್ನು ಮರೆಮಾಡಲಿಲ್ಲ. ಐದು ನೂರು ವರ್ಷದ ಹಿಂದಿನ ಆ ಚಿತ್ರಗಳು ಇವತ್ತಿನ ಬಣ್ಣದ ಫೋಟೋಗಿಂತ ಪ್ರಾಮಾಣಿಕವಾಗಿವೆ. ನಮ್ಮ ಪುಸ್ತಕಗಳ ಫೋಟೋದಲ್ಲಿ ಬಟ್ಟಲು, ಬಟ್ಟಲ ಪಕ್ಕ ಕೊತ್ತಂಬರಿ, ಅಷ್ಟೇ.

ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 1988ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಸ್ವತಂತ್ರ ಭಾರತದ ಮಧ್ಯಮವರ್ಗಕ್ಕಾಗಿ ಇಂಗ್ಲಿಷಿನಲ್ಲಿ ಬಂದ ಅಡುಗೆ ಪುಸ್ತಕಗಳು ಹೇಗೆ ಒಂದು 'ರಾಷ್ಟ್ರೀಯ ಅಡುಗೆ'ಯನ್ನು ಕಟ್ಟಿದವು ಎಂದು ತೋರಿಸಿದ್ದರು. ಅವರು ಕಂಡದ್ದನ್ನು ನಾವು ರಾಯಚೂರಿನ ಹೋಟೆಲಿನ ಮೆನುವಿನಲ್ಲೇ ಕಾಣಬಹುದು. ಅಲ್ಲಿ 'ಸೌತ್ ಇಂಡಿಯನ್' ಎಂದರೆ ಇಡ್ಲಿ, ದೋಸೆ. 'ನಾರ್ತ್ ಇಂಡಿಯನ್' ಎಂದರೆ ಪನೀರು. ದೇಶ ವಿಭಜನೆಯ ನಂತರ ದಿಲ್ಲಿಗೆ ಬಂದ ಪಂಜಾಬಿ ನಿರಾಶ್ರಿತರ ಅಡುಗೆ ಹೋಟೆಲುಗಳ ಮೂಲಕ ದೇಶಕ್ಕೆಲ್ಲ ಹರಡಿತು. 1919ರಲ್ಲಿ ಸಿಯಾಲ್‌ಕೋಟಿನಲ್ಲಿ ಶುರುವಾದ ಎಂಡಿಎಚ್ ಮಸಾಲೆಯ ಅಂಗಡಿ ಕೂಡ ವಿಭಜನೆಯ ನಂತರ ದಿಲ್ಲಿಯಲ್ಲಿ ಮತ್ತೆ ಎದ್ದು ನಿಂತದ್ದು. ಮನೆ ಕಳೆದುಕೊಂಡವರು ನಾಲಗೆಯನ್ನು ಉಳಿಸಿಕೊಂಡ ಆ ಕಥೆಯ ಬಗ್ಗೆ ನಮಗೆ ಗೌರವವಿದೆ. ನಮ್ಮ ತಕರಾರು ಬೇರೆ. ಅವರ ಹುಳಿ ಇಡೀ ದೇಶದ ಹುಳಿಯಾದಾಗ, ಮೆನುವಿನ ಯಾವ ಕಡೆಯೂ ಸೇರದ ಪುಂಡಿಗೂ ಖಟ್ಟಾಗೂ ಎಲ್ಲಿ ಜಾಗ?

ಇದರಲ್ಲಿ ನಮ್ಮ ಎರಡೂ ಭಾಷೆಗಳ ಪಾಲಿದೆ. ಉರ್ದುವಿನಲ್ಲಿ ಊಟದ ಬಗ್ಗೆ ಬರೆಯುವವರು ಲಖನೌ, ದಿಲ್ಲಿಯ ಕಡೆ ಮುಖ ಮಾಡುತ್ತಾರೆ. ದಕ್ಷಿಣಕ್ಕೆ ಬಂದರೆ ಹೈದರಾಬಾದಿನ ನವಾಬರ ದಸ್ತರ್‌ಖ್ವಾನಿನ ಹತ್ತಿರ ನಿಂತುಬಿಡುತ್ತಾರೆ. ದಖ್ಖನಿ ಮಾತಾಡುವ ಗಾಡಿಯವನ, ಹತ್ತಿಯ ಜಿನ್ನಿನ ಕೂಲಿಯವಳ ಅಡುಗೆ ಅವರಿಗೆ ಅಡುಗೆಯೇ ಅಲ್ಲ. ಕನ್ನಡದಲ್ಲಿ ಬರೆಯುವವರಿಗೆ ಉಡುಪಿ, ಮೈಸೂರು ಕಾಣುತ್ತದೆ. ಉತ್ತರ ಕರ್ನಾಟಕವೆಂದರೆ ಧಾರವಾಡ. ರಾಯಚೂರು ಎರಡರ ನಡುವೆ ಬಿದ್ದುಹೋಗುತ್ತದೆ. ಮುಸ್ಲಿಂ ಅಡುಗೆ ಎಂಬ ತಲೆಬರಹದ ಕೆಳಗಂತೂ ಬಿರಿಯಾನಿ, ಕಬಾಬ್, ಶೀರ್‌ಖುರ್ಮಾ ಬಿಟ್ಟು ಬೇರೆ ಬರುವುದಿಲ್ಲ. ನಾವು ವರ್ಷವಿಡೀ ಹಬ್ಬ ಮಾಡುತ್ತೇವೆಂದು ಓದುಗರು ತಿಳಿದುಕೊಂಡರೆ ಅವರದು ತಪ್ಪಲ್ಲ. ವಾರದ ಐದು ದಿನ ನಮ್ಮ ಮನೆಗಳಲ್ಲಿ ಇರುವುದು ಖಟ್ಟಿ ದಾಲ್. ರಮಜಾನಿನ ಸಹರಿಗೆ ಖಿಚಡಿ, ಅದರ ಮೇಲೆ ಹುಣಸೆ ನೀರಿಗೆ ಎಳ್ಳು, ಈರುಳ್ಳಿ, ಹಸಿಮೆಣಸು ಬೆರೆಸಿದ ತೆಳ್ಳನೆಯ ಖಟ್ಟಾ. ಖೀಮಾ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ಬೇಳೆಗೆ ಕೈರಿ, ಹುಣಸೆ ಚಿಗುರಿದಾಗ ಚಿಗುರು.

ಕಥೆಗಾರರ ಮೇಲೂ ಈ ದೂರು ಸಲ್ಲುತ್ತದೆ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಇವರ ಬರಹದಿಂದ ಕರಾವಳಿಯ ಮುಸ್ಲಿಂ ಮನೆಗಳು ಕನ್ನಡಕ್ಕೆ ಪರಿಚಯವಾದವು. ನಮ್ಮ ಭಾಗದ ಕಥೆಗಳಲ್ಲಿ ಬಡತನ ಬಂದಿದೆ, ಗಲಭೆ ಬಂದಿದೆ, ತಲಾಖ್ ಬಂದಿದೆ. ಒಲೆಯ ಮೇಲೆ ಏನಿತ್ತು ಎನ್ನುವುದು ಬಹಳ ಸಲ ಬಂದಿಲ್ಲ. ರಾಯಚೂರಿನ ಶಾಂತರಸರ ಕೈಯಲ್ಲಿ ಗಜಲ್ ಕನ್ನಡದ್ದಾಯಿತು. ಖಟ್ಟಾ ಇನ್ನೂ ಆಗಿಲ್ಲ. ಭಾಷೆಯಲ್ಲಿ ಹುಳಿಗೇನೂ ಕೊರತೆಯಿಲ್ಲ, ನೋಡಿ. ಕನ್ನಡದಲ್ಲಿ ಒಳ್ಳೆಯ ಸಂಬಂಧಕ್ಕೆ ಹುಳಿ ಹಿಂಡುತ್ತಾರೆ. ಉರ್ದುವಿನಲ್ಲಿ ಮನಸ್ಸು ಮುರಿದರೆ ದಿಲ್ ಖಟ್ಟಾ ಆಗುತ್ತದೆ, ವೈರಿಯನ್ನು ಸೋಲಿಸಿದರೆ ಅವನ ಹಲ್ಲು ಖಟ್ಟಾ ಆಗುತ್ತದೆ. ಎರಡೂ ಭಾಷೆ ಸೇರಿ ಹುಳಿಯ ಹೆಸರು ಕೆಡಿಸಿವೆ ಎಂದರೂ ಸರಿ.

ಆಮ್‌ಚೂರನ್ನು ಮನೆಯಿಂದ ಹೊರಗಿಡಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಮನೆಗಳ ಹುಡುಗಿಯರು ಬೆಂಡೆಕಾಯಿ ಹುರಿದು, ಇಳಿಸುವ ಹೊತ್ತಿಗೆ ಆಮ್‌ಚೂರ್ ಉದುರಿಸುತ್ತಾರೆ, ಚೆನ್ನಾಗಿಯೇ ಇರುತ್ತದೆ. ಯೋಚಿಸಬೇಕಾದದ್ದು ಪೊಟ್ಟಣ ಯಾವುದರ ಜಾಗಕ್ಕೆ ಬಂತು ಎಂಬುದನ್ನು. ದೇವದುರ್ಗದಲ್ಲಿ ಒಂದು ಮನೆಯ ಮಾಳಿಗೆಯ ಮೇಲೆ ಹಳೆಯ ಸೀರೆಯಲ್ಲಿ ಹರವಿದ್ದ ಮಾವಿನ ಹೋಳು ಕಂಡು ಇದು ಆಮ್‌ಚೂರಿಗೋ ಎಂದು ಕೇಳಿದಾಗ ಆ ಮನೆಯ ಹಿರಿಯಳು ನಕ್ಕಳು. "ಅದೇನ್ರೀ ಅದು? ಇದು ಒಣಾ ಹೋಳ್ರಿ. ಮಳಿಗಾಲದಾಗ ಬ್ಯಾಳಿಗೆ ಹಾಕ್ತೀವಿ. ಹೋದ ವರ್ಷ ಮಾಡ್ಲಿಲ್ಲ, ಬೆಂಗಳೂರಿಗೆ ಹೋಗಿದ್ವಿ." ಮಾವು ಉದುರುವ, ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳೇ ದೇವದುರ್ಗದ ಕೂಲಿಯವರು ಗುಳೆ ಹೋಗುವ ಕಾಲ. ಹೋಳು ಒಣಗಿಸುವ ಕೈ ಆ ಹೊತ್ತಿಗೆ ಬೆಂಗಳೂರಿನ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿರುತ್ತದೆ. ಮಾಳಿಗೆ ಖಾಲಿ, ಮನೆಗೆ ಬೀಗ. ಮಳೆ ಬಿದ್ದು ಮರಳಿ ಬಂದಾಗ ಬೇಳೆಗೆ ಹುಳಿ ಬೇಕಾದರೆ ಅಂಗಡಿಯಿಂದ ತರಬೇಕು, ದುಡ್ಡು ಕೊಟ್ಟು. ರಸ್ತೆ ಅಗಲವಾದಲ್ಲೆಲ್ಲ ಸಾಲು ಹುಣಸೆಮರಗಳೂ ಹೋಗಿರುವುದರಿಂದ ಹುಣಸೆಹಣ್ಣು ಕೂಡ ಈಗ ಆರಿಸಿ ತರುವ ವಸ್ತುವಲ್ಲ, ತೂಕಕ್ಕೆ ಕೊಳ್ಳುವ ವಸ್ತು.

ಮುಂದೆ ಯಾರಾದರೂ ರಾಯಚೂರು ಜಿಲ್ಲೆಯ ಅಡುಗೆಯ ಪುಸ್ತಕ ಬರೆದರೆ ನಾವು ಅದರಲ್ಲಿ ಮೊದಲು ತೆಗೆದು ನೋಡುವುದು ಬೇಳೆಯ ಪುಟವನ್ನು. ತೊಗರಿಬೇಳೆ ಒಂದು ಹಿಡಿ, ಒಣ ಹೋಳು ನಾಲ್ಕು ಎಂದು ಬರೆದರೆ ಸಾಲದು. ಹೋಳನ್ನು ಬಿಸಿನೀರಲ್ಲಿ ನೆನೆಸಿ, ಬೇಳೆ ಬೆಂದ ಮೇಲೆ ಹಾಕಿ, ಹೋಳು ಮೆತ್ತಗಾದ ಮೇಲೆ ಉಪ್ಪು ನೋಡಬೇಕು, ಏಕೆಂದರೆ ಒಣಗಿಸುವಾಗಲೇ ಉಪ್ಪು ಬಿದ್ದಿರುತ್ತದೆ. ಅದು ಮಾನ್ವಿಯ ಕ್ಯಾಂಪಿನ ಒರುಗೋ, ದೇವದುರ್ಗದ ಮಾಳಿಗೆಯ ಹೋಳೋ, ಅಂಗಡಿಯದೋ ಎಂದೂ ಬರೆದಿರಬೇಕು. ಒಣಗಿಸಿದವರ ಹೆಸರು ಸಿಕ್ಕರೆ ಅದನ್ನೂ.