ಆಯ್ಕೆ ಯಾರ ಹೊಲದಲ್ಲಿ?

ತಳಿ ಅಭಿವೃದ್ಧಿಯಲ್ಲಿ ರೈತರನ್ನು ಸೇರಿಸಿಕೊಂಡೆವು ಎನ್ನುವ ಯೋಜನೆಗಳಲ್ಲಿ ಎಷ್ಟೋ ಕಡೆ ರೈತರಿಗೆ ಕರೆ ಹೋಗುವುದು ಕೊನೆಯ ಹಂತದಲ್ಲಿ. ಸಿದ್ಧವಾದ ನಾಲ್ಕೈದು ತಳಿಗಳ ಮುಂದೆ ನಿಲ್ಲಿಸಿ, ಯಾವುದು ಚೆನ್ನ ಎಂದು ಕೇಳಿ ಕಳಿಸುತ್ತಾರೆ. 1990ರ ದಶಕದಲ್ಲಿ ಸಿರಿಯಾದಲ್ಲಿ ಸಾಲ್ವತೋರೆ ಚೆಕ್ಕರೆಲ್ಲಿ, ಸ್ಟೆಫಾನಿಯಾ ಗ್ರಾಂಡೊ ನಡೆಸಿದ ಬಾರ್ಲಿ ಪ್ರಯೋಗ ಆ ಸಾಲಿಗೆ ಸೇರದು. ಅಲೆಪ್ಪೊ ಬಳಿ ನೆಲೆಯಿದ್ದ ಇಕಾರ್ಡಾ ಸಂಸ್ಥೆಯ ಈ ವಿಜ್ಞಾನಿಗಳು 208 ಬಗೆಯ ಬಾರ್ಲಿಯನ್ನು 9 ರೈತರ ಹೊಲಗಳಲ್ಲೂ 2 ಸಂಶೋಧನಾ ಕೇಂದ್ರಗಳಲ್ಲೂ ಬಿತ್ತಿದರು. ರೈತರ ಆಯ್ಕೆ ಒಂದು, ವಿಜ್ಞಾನಿಯ ಆಯ್ಕೆ ಇನ್ನೊಂದು. ಆಮೇಲೆ ಎರಡನ್ನೂ ಹೋಲಿಸಿ ನೋಡಿದರು.

ಹೆಚ್ಚು ಇಳುವರಿಯ ಬಗೆಯನ್ನು ಗುರುತಿಸುವುದರಲ್ಲಿ ರೈತರು ತಮ್ಮ ಹೊಲಗಳಲ್ಲಿ ತುಸು ಮುಂದಿದ್ದರು. ಮಳೆ ಚೆನ್ನಾಗಿರುವ ಕೇಂದ್ರದಲ್ಲಿ ವಿಜ್ಞಾನಿ ಮುಂದಾದರೆ, ಮಳೆ ಕಡಿಮೆಯಿರುವ ಕೇಂದ್ರದಲ್ಲಿ ಮತ್ತೆ ರೈತರೇ. ಇದನ್ನು ಪಾರಂಪರಿಕ ಜ್ಞಾನದ ವಿಜಯವೆಂದು ಮೆರೆಸುವವರ ಉತ್ಸಾಹ ನನಗಿಲ್ಲ. ನೀರು ಗೊಬ್ಬರ ಉಂಡ ಮಡಿಗಳಲ್ಲಿ ಪಳಗಿದ ಕಣ್ಣು ಒಣನೆಲದಲ್ಲಿ ತಡವರಿಸುತ್ತದೆ, ಅಷ್ಟೇ. ಆಯ್ಕೆಯನ್ನು ಮೊದಲ ಹಂತದಿಂದಲೇ ಬೆಳೆಯುವ ಜಾಗಕ್ಕೆ ಒಯ್ದದ್ದು ಈ ಪ್ರಯೋಗದ ನಿಜವಾದ ಹೆಚ್ಚುಗಾರಿಕೆ.

ಅಲ್ಲಿಗೆ ಹೋದ ಮೇಲೆ 'ಒಳ್ಳೆಯ ತಳಿ'ಯ ಲಕ್ಷಣವೇ ಬೇರೆಯಾಯಿತು. ಸಿರಿಯಾದ ಒಣಸೀಮೆಯಲ್ಲಿ ಬಾರ್ಲಿ ಮುಖ್ಯವಾಗಿ ಕುರಿಗಳ ಆಹಾರ; ಕಾಳಿನಷ್ಟೇ ಹುಲ್ಲೂ ಬೇಕು. ಬರದ ವರ್ಷ ಪೈರು ಗಿಡ್ಡವಾದರೆ ಕಟಾವು ಯಂತ್ರಕ್ಕೆ ಸಿಗದು, ಕೈಯಲ್ಲೇ ಕೀಳಬೇಕು. ಹಾಗಾಗಿ ಬರದಲ್ಲೂ ಎತ್ತರ ಬೆಳೆಯುವ ಗಿಡಕ್ಕೆ ರೈತರ ಒಲವು. ರಾಗಿ ಬಿತ್ತುವಾಗಲೇ ಹುಲ್ಲಿನ ಲೆಕ್ಕ ಹಾಕುವ ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೊನ್ನೆಯಿಂದ ನಾಲ್ಕರವರೆಗೆ ರೈತರು ಕೊಟ್ಟ ಅಂಕಗಳನ್ನು ಇಳುವರಿಯ ಅಂಕಿಗಳ ಪಕ್ಕದಲ್ಲೇ ಇಟ್ಟದ್ದರಿಂದ ಈ ಒಲವಿಗೆ ತೂಕ ಬಂತು.

ಕೊರತೆಗಳಿಲ್ಲವೆಂದಲ್ಲ. ಸಂಕರಣ ಕೇಂದ್ರದಲ್ಲೇ ನಡೆಯಿತು. ರೈತರು ಆರಿಸಿದ ಬಗೆಗಳು ಮುಂದಿನ ಸುತ್ತಿನ ಪೋಷಕ ತಳಿಗಳಾದದ್ದು ಒಂದಿಷ್ಟು ಸಮಾಧಾನ. ಮೊದಮೊದಲು ಅಂಕ ಕೊಟ್ಟವರು ಬಹುತೇಕ ಗಂಡಸರು. ಕಳೆ ಕಿತ್ತು, ಕೈಯಲ್ಲಿ ಕೊಯ್ಯುವ ಹೆಂಗಸರಿಗೆ ಸರದಿ ಬಂದದ್ದು ತಡವಾಗಿ, ಅದೂ ಬೇರೆ ಸಂಶೋಧಕರು ಪ್ರಶ್ನೆ ಎತ್ತಿದ ಮೇಲೆ.

ದೊಡ್ಡ ತೊಡಕು ಪ್ರಯೋಗದ ಹೊರಗಿದೆ. ಅಧಿಕೃತ ಬಿಡುಗಡೆಯ ನಿಯಮಗಳು ಸಾಮಾನ್ಯವಾಗಿ ಏಕರೂಪದ ತಳಿ ಬೇಡುತ್ತವೆ, ಹಲವು ಕಡೆಗಳ ಸರಾಸರಿ ಇಳುವರಿ ನೋಡುತ್ತವೆ. ಒಂದೇ ಸೀಮೆಗೆ ಒಗ್ಗಿದ, ಒಳಗೇ ವೈವಿಧ್ಯ ಉಳಿಸಿಕೊಂಡ ಬಾರ್ಲಿ ಈ ಎರಡು ಜರಡಿಗಳಲ್ಲೂ ನಿಲ್ಲುವುದು ಕಷ್ಟ. ಊರವರು ಆಗಲೇ ಬಿತ್ತಿ ಬೆಳೆಯುತ್ತಿರುವುದನ್ನೇ ಬಿಡುಗಡೆಗೆ ಪುರಾವೆಯಾಗಿ ಒಪ್ಪಬೇಕೆಂಬ ಚೆಕ್ಕರೆಲ್ಲಿಯವರ ವಾದ ನನಗೆ ಸರಿಯೆನಿಸುತ್ತದೆ. ಅದನ್ನು ಒಪ್ಪದೆ ರೈತರ ಸಹಭಾಗಿತ್ವದ ವರದಿ ಬರೆಯುವ ಇಲಾಖೆಗಳು ಅಂಕ ಕೊಡಿಸಿ ಉತ್ತರಪತ್ರಿಕೆಯನ್ನು ಬೀರುವಿನಲ್ಲಿಡುತ್ತಿವೆ.