ವೈವರ್ನನ ಬ್ರೆಡ್ಡು, ರಾಮಸಾಮಿಯ ಸೇಂದಿ

ಅಡಿಗೆಯ ಪುಸ್ತಕವನ್ನು ಸಾಹಿತ್ಯವೆಂದು ಓದಬಹುದೆ ಎಂದು ಕೆಲವರು ಹುಬ್ಬೇರಿಸಬಹುದು. ಪರದೇಶದಲ್ಲಿ ಕುಳಿತು ಬರೆದ ಅಡಿಗೆಯ ಪುಸ್ತಕವನ್ನಾದರೆ ಧಾರಾಳವಾಗಿ ಓದಬಹುದು. ಅದು ಭಾಷಾಂತರದ ಜಾತಿಗೇ ಸೇರಿದ್ದು. ತನ್ನೂರಿನ ಪದಾರ್ಥ ಇಲ್ಲಿ ದೊರೆಯದು. ಅದರ ಸ್ಥಾನದಲ್ಲಿ ಏನನ್ನಿಟ್ಟರೆ ರುಚಿ ಕೆಡದು ಎಂಬುದೇ ಗ್ರಂಥಕರ್ತನ ಚಿಂತೆ.

ಕರ್ನಲ್ ಕೆನ್ನಿ-ಹರ್ಬರ್ಟ್ ಎಂಬ ಸೇನಾಧಿಕಾರಿ 'ವೈವರ್ನ್' ಎಂಬ ಗುಪ್ತನಾಮದಿಂದ 1878ರಲ್ಲಿ ಹೊರತಂದ 'ಕಲಿನರಿ ಜಾಟಿಂಗ್ಸ್ ಫಾರ್ ಮದ್ರಾಸ್' ಇಂಥ ಪುಸ್ತಕ. ಬರವಣಿಗೆ ಲವಲವಿಕೆಯದು. ಡಬ್ಬಿಯ ಆಹಾರಕ್ಕೆ ಮಾರುಹೋದ ತನ್ನ ದೇಶಬಾಂಧವರನ್ನು ಆತ ಚೆನ್ನಾಗಿಯೇ ಛೇಡಿಸುತ್ತಾನೆ. ಪೇಟೆಯ ಹಸಿ ತರಕಾರಿಯನ್ನು ಬಿಟ್ಟು ತಗಡಿಗೆ ಹಣ ಸುರಿಯುವುದೇಕೆ ಎಂಬುದು ಅವನ ವಾದ.

ಆದರೆ ಬ್ರೆಡ್ಡಿನ ಪ್ರಸಂಗಕ್ಕೆ ಬಂದಾಗ ಈ ವಿವೇಕ ಕೊಂಚ ಜಾರುತ್ತದೆ. ಇಂಗ್ಲೆಂಡಿನಲ್ಲಿ ಹಿಟ್ಟು ಉಬ್ಬಿಸಲು ಬಿಯರ್ ಪೀಪಾಯಿಯ ನೊರೆ ಸಿಗುತ್ತಿತ್ತು. ದಕ್ಷಿಣದ ಬೇಕರಿಯವರು ಆ ತೊಡಕನ್ನು ಸೇಂದಿಯಿಂದ ಬಿಡಿಸಿಕೊಂಡಿದ್ದರು. ಮರದಿಂದಿಳಿಸಿದ ಸಿಹಿರಸ ಕೆಲವೇ ಗಂಟೆಗಳಲ್ಲಿ ಹುದುಗೇಳುತ್ತದೆ. ಆ ಹುದುಗಿನ ಜೀವಾಣು ಹಿಟ್ಟಿನಲ್ಲಿ ಗಾಳಿ ತುಂಬುತ್ತದೆ. ಮಂಗಳೂರಿನ ಕ್ರೈಸ್ತರ ಮನೆಯ ಸಾನ್ನಾ ತಿಂದವರಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈವರ್ನ್ ಮನೆಯ ಬ್ರೆಡ್ಡಿಗೆ ಮೆಚ್ಚಿದ್ದು ಬೇಕಿಂಗ್ ಪೌಡರನ್ನು. ಯೀಸ್ಟ್ ಒಗ್ಗದ ಹೆಂಡತಿಗಾಗಿ ಆಲ್ಫ್ರೆಡ್ ಬರ್ಡ್ 1843ರಲ್ಲಿ ಕಂಡುಹಿಡಿದ ಪುಡಿ ಅದು: ಸೋಡವೂ ಆಮ್ಲವೂ ನೀರು ಸೋಕಿದೊಡನೆ ಅದೇ ಅನಿಲವನ್ನು ಬಿಡುತ್ತವೆ. ಕಾಯುವ ತಾಪತ್ರಯವಿಲ್ಲ, ನಿಜ. ಆದರೆ ಹುದುಗಿನ ಪರಿಮಳವೂ ಇಲ್ಲ; ಬ್ರೆಡ್ಡು ಬೇಗ ಒಣಗಿ ಪುಡಿಪುಡಿಯಾಗುತ್ತದೆ. ಪುಡಿ ವಿಲಾಯಿತಿಯದಾದರೂ ಅನುವಾದ ಸಡಿಲ. ಸೇಂದಿ ಪರಕೀಯವಾದರೂ ಮೂಲಕ್ಕೆ ಹತ್ತಿರ. ಡಬ್ಬಿಗಳ ವೈರಿ ಇಲ್ಲಿ ಡಬ್ಬಿಯೊಂದನ್ನೇ ನಂಬಿದ!

ಇನ್ನೊಂದು ಮಾತು. ಅಡಿಗೆಯವನಿಗೆ ವೈವರ್ನ್ ಕೊಡುವ ಹೆಸರು 'ರಾಮಸಾಮಿ'. ಅದು ಒಬ್ಬನ ಹೆಸರಲ್ಲ, ಮದರಾಸಿನ ಎಲ್ಲ ಅಡಿಗೆಯವರಿಗೂ ಒಂದೇ ಹೆಸರು. ಆತ ನಿರ್ದಯಿಯಲ್ಲ. ಸೇವಕರನ್ನು ಮಕ್ಕಳಂತೆ ಕಂಡ ಫ್ಲೋರಾ ಆನಿ ಸ್ಟೀಲಳಿಗಿಂತ ಎಷ್ಟೋ ಮೇಲು. ರಾಮಸಾಮಿಯ ಕೈಚಳಕವನ್ನು ಹೊಗಳುತ್ತಾನೆ, ತಾಳ್ಮೆಯಿಂದ ಕಲಿಸಿರೆನ್ನುತ್ತಾನೆ. ಸಾಹೇಬರ ಬಂಗಲೆಯ ಹಿಂದಿನ ಹೊಗೆಗತ್ತಲ ಅಡಿಗೆಕೋಣೆಯ ಮೇಲೆ ಇಡೀ ಒಂದು ಅಧ್ಯಾಯವನ್ನೇ ಬರೆದು ಒಡೆಯರಿಗೆ ನಾಚಿಕೆಯಾಗುವಂತೆ ಮಾಡಿದ್ದಾನೆ. ಪುಸ್ತಕದಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗವದು. ಆದರೂ ಕಲಿಸುವವನು ಯಾವಾಗಲೂ ಸಾಹೇಬ, ಕಲಿಯುವವನು ಯಾವಾಗಲೂ ರಾಮಸಾಮಿ. ತಾನು ಒಮ್ಮೆಯೂ ಕಾಣದ ದೇಶದ ಊಟವನ್ನು, ತನ್ನ ಮನೆಯಲ್ಲಿ ಯಾರೂ ಉಣ್ಣದ ಊಟವನ್ನು, ಇಲ್ಲಿ ಸಿಕ್ಕ ಸಾಮಾನಿನಿಂದ ದಿನವೂ ಕಟ್ಟಿ ಬಡಿಸಿದವನು ರಾಮಸಾಮಿಯೇ ಅಲ್ಲವೆ? ಆ ಭಾಷಾಂತರಕಾರನ ನಿಜವಾದ ಹೆಸರು ಪುಸ್ತಕದ ಮುಖಪುಟದ ಮೇಲೂ ಇಲ್ಲ, ಒಳಗೂ ಇಲ್ಲ.