ಮುಖವಾಡ ಮತ್ತು ಕೊರ್ಬಾನ್: ಒಂದು ಬೀದಿ ಪ್ರತಿಭಟನೆಯ ದೈವಶಾಸ್ತ್ರೀಯ ವಿಮರ್ಶೆ

2008ರ ಫೆಬ್ರವರಿ 10 ತಪಸ್ಸುಕಾಲದ ಮೊದಲನೆಯ ಭಾನುವಾರವಾಗಿತ್ತು. ನಮ್ಮ ದೇವಾಲಯಗಳಲ್ಲಿ ಯೇಸುಸ್ವಾಮಿಯ ಮರುಭೂಮಿಯ ಶೋಧನೆಗಳ ವಾಚನ ನಡೆದ ಅದೇ ದಿನ ಸಿಡ್ನಿ, ಲಂಡನ್, ಲಾಸ್ ಏಂಜಲೀಸ್ ಮುಂತಾದ ನಗರಗಳಲ್ಲಿ ಸಾವಿರಾರು ಜನ, ಬಹುಪಾಲು ಯುವಕರು, ಸೈಂಟಾಲಜಿ ಸಂಸ್ಥೆಯ ಕಟ್ಟಡಗಳೆದುರು ಫಲಕ ಹಿಡಿದು ನಿಂತರು. ಅವರಿಗೆ ನಾಯಕರಿರಲಿಲ್ಲ. ‘ಅನಾನಿಮಸ್’, ಅಂದರೆ ಅನಾಮಿಕರು, ಎಂಬುದೇ ಅವರ ಹೆಸರು. ಹಲವರ ಮುಖದ ಮೇಲೆ ಮೀಸೆಯಡಿ ನಗುವ ಒಂದೇ ಬಗೆಯ ಬಿಳಿಯ ಮುಖವಾಡವಿತ್ತು. ಈ ಘಟನೆಯನ್ನು ಅಂತರಜಾಲ ಯುಗದ ಚಳವಳಿಯೆಂದು ಸಮಾಜಶಾಸ್ತ್ರದವರು ಸಾಕಷ್ಟು ಚರ್ಚಿಸಿದ್ದಾರೆ. ಧರ್ಮಸಂಸ್ಥೆಯೊಂದರ ಆಚರಣೆಯನ್ನು ಬೀದಿಯಲ್ಲಿ ನಿಂತು ಪ್ರಶ್ನಿಸುವುದು ಯಾವಾಗ ನ್ಯಾಯಸಮ್ಮತ ಎಂಬ ಪ್ರಶ್ನೆ ಮಾತ್ರ ದೈವಶಾಸ್ತ್ರಕ್ಕೆ ಸೇರಿದ್ದು. ಅದನ್ನು ನಾವು ಎತ್ತಿಕೊಂಡಂತೆ ಕಾಣುವುದಿಲ್ಲ.

ಆರಂಭವು ಶಾಂತಿಯುತವಾಗಿರಲಿಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಆ ವರ್ಷದ ಜನವರಿಯಲ್ಲಿ, ನಟ ಟಾಮ್ ಕ್ರೂಸ್ ತಮ್ಮ ಮತವನ್ನು ಕೊಂಡಾಡುವ ಒಂದು ಆಂತರಿಕ ವೀಡಿಯೊ ಅಂತರಜಾಲದಲ್ಲಿ ಹರಿದಾಡಿತು. ಅದನ್ನು ತೆಗೆಸಲು ಸಂಸ್ಥೆ ಕಾನೂನಿನ ಒತ್ತಡ ಹೇರಿತು. ಅನಾಮಿಕರ ಮೊದಲ ಉತ್ತರವೆಂದರೆ ಸಂಸ್ಥೆಯ ಜಾಲತಾಣಗಳನ್ನು ಸ್ತಬ್ಧಗೊಳಿಸುವ ದಾಳಿ. ಈ ತಪ್ಪಿಗಾಗಿ ಇಬ್ಬರು ಯುವಕರು ಮುಂದೆ ಅಮೆರಿಕದಲ್ಲಿ ಸುಮಾರು ಒಂದು ವರ್ಷದ ಸೆರೆವಾಸ ಅನುಭವಿಸಿದರು. ಆ ಉದ್ರೇಕವನ್ನು ಬೇರೆ ದಾರಿಗೆ ತಿರುಗಿಸಿದವರಲ್ಲಿ ಮಾರ್ಕ್ ಬಂಕರ್ ಪ್ರಮುಖರು. ಸಂಸ್ಥೆಯನ್ನು ವರ್ಷಗಳಿಂದ ಟೀಕಿಸುತ್ತ ಬಂದಿದ್ದ ಅವರು ಒಂದು ವೀಡಿಯೊದಲ್ಲಿ, ಕಾನೂನು ಮುರಿಯಬೇಡಿರೆಂದು ತರುಣರಿಗೆ ಹಿರಿಯಣ್ಣನಂತೆ ಬುದ್ಧಿ ಹೇಳಿದರು. ತರುಣರು ಕೇಳಿದರು. ಹಿಂಸೆ ಕೂಡದು, ಆಯುಧ ಕೂಡದು, ಇತರರ ಆವರಣಕ್ಕೆ ಕಾಲಿಡಕೂಡದು ಎಂಬ ನಡಾವಳಿಯೊಂದು ಸಿದ್ಧವಾಯಿತು. ಹೆಸರಿಲ್ಲದ ಗುಂಪೊಂದು ತನ್ನನ್ನು ತಾನೇ ಹೀಗೆ ಶಿಸ್ತಿಗೆ ಒಳಪಡಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ದಿನದ ಆಯ್ಕೆಯೂ ಗಮನಾರ್ಹ. ಫೆಬ್ರವರಿ 10 ಲೀಸಾ ಮೆಕ್‌ಫರ್ಸನ್ ಎಂಬಾಕೆಯ ಜನ್ಮದಿನ. ಸಂಸ್ಥೆಯ ಸದಸ್ಯೆಯಾಗಿದ್ದ ಆಕೆ ಮಾನಸಿಕವಾಗಿ ಕುಸಿದಾಗ ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿ 17 ದಿನ ಸಂಸ್ಥೆಯ ಸುಪರ್ದಿಯಲ್ಲಿದ್ದು, 1995ರ ಡಿಸೆಂಬರ್ 5ರಂದು, 36ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಂಸ್ಥೆಯ ಮೇಲಿನ ಕ್ರಿಮಿನಲ್ ಮೊಕದ್ದಮೆಯನ್ನು 2000ದಲ್ಲಿ ಕೈಬಿಡಲಾಯಿತು. ಬಂಧುಗಳ ಸಿವಿಲ್ ದಾವೆ 2004ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು. ನ್ಯಾಯಾಲಯದ ಕಡತ ಮುಚ್ಚಿದ ಮೇಲೂ, ಸತ್ತವಳೊಬ್ಬಳ ಹುಟ್ಟುಹಬ್ಬವನ್ನು ಅಪರಿಚಿತರು ನೆನಪಿಟ್ಟುಕೊಂಡರು. ಸಂತರ ಸ್ಮರಣೆಯ ಪಂಚಾಂಗವನ್ನಿಟ್ಟುಕೊಂಡು ಬದುಕುವ ನಮಗೆ ಇದರ ಅರ್ಥ ತಿಳಿಯದೆ ಇರದು.

ಇನ್ನು ಮುಖವಾಡ. ಅದು ಒಂದು ಚಲನಚಿತ್ರದಿಂದ ಜನಪ್ರಿಯವಾದದ್ದು. ಆದರೆ ಅದು ತೋರಿಸುವ ಮುಖ ಗೈ ಫಾಕ್ಸ್‌ನದು. 1605ರ ನವೆಂಬರ್ 5ರಂದು ಇಂಗ್ಲೆಂಡಿನ ಸಂಸತ್ತನ್ನು ಸಿಡಿಮದ್ದಿನಿಂದ ಉಡಾಯಿಸಲು ಹೊರಟು ಸಿಕ್ಕಿಬಿದ್ದ ಆತ ಕಥೋಲಿಕನಾಗಿದ್ದ. ಒಬ್ಬಿಬ್ಬರಲ್ಲ, ಒಂದಿಡೀ ಸಮುದಾಯ ಆ ಸಂಚಿಗೆ ಬೆಲೆ ತೆತ್ತಿತು: ಮರುವರ್ಷವೇ ಕಥೋಲಿಕರ ಮೇಲೆ ನಿಷ್ಠೆಯ ಪ್ರಮಾಣವಚನ ಹೇರಲಾಯಿತು, ಮುಂದಿನ ಶತಮಾನಗಳಲ್ಲಿ ಅದೇ ದಿನದ ಬೆಂಕಿಯಲ್ಲಿ ಜಗದ್ಗುರುಗಳ ಪ್ರತಿಕೃತಿಗಳೂ ಉರಿದವು. ಅಪಾಯಕಾರಿ ಮತವೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಸಮುದಾಯದ ಒಬ್ಬನ ಮುಖವನ್ನು ಧರಿಸಿಯೇ, ಮತ್ತೊಂದು ಗುಂಪನ್ನು ಅಪಾಯಕಾರಿಯೆಂದು ಕೂಗಲಾಯಿತು. ಪ್ರತಿಭಟನಕಾರರಿಗೆ ಈ ವ್ಯಂಗ್ಯ ಹೊಳೆದಿತ್ತೋ ಇಲ್ಲವೋ. ಕಥೋಲಿಕ ಓದುಗನಿಗೆ ಹೊಳೆಯಲೇಬೇಕು.

ಆದ್ದರಿಂದಲೇ ವಿಶ್ವಾಸಕ್ಕೂ ಆಚರಣೆಗೂ ನಡುವಿನ ಭೇದವನ್ನು ನಾವು ಬಿಗಿಯಾಗಿ ಹಿಡಿಯಬೇಕು. ಸೈಂಟಾಲಜಿಯು ಧರ್ಮವೇ ಅಲ್ಲವೇ ಎಂಬ ವಾದದಿಂದ ಪ್ರಯೋಜನ ಕಡಿಮೆ. ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯ 1983ರಲ್ಲಿ ಹೌದೆಂದಿತು. ಅಮೆರಿಕದ ತೆರಿಗೆ ಇಲಾಖೆ 1993ರಲ್ಲಿ ವಿನಾಯಿತಿ ಕೊಟ್ಟಿತು. ಫ್ರಾನ್ಸಿನ ನ್ಯಾಯಾಲಯ 2009ರಲ್ಲಿ ವಂಚನೆಗಾಗಿ ದಂಡ ವಿಧಿಸಿತು. 2008ರ ಮೇ ತಿಂಗಳಲ್ಲಿ ಲಂಡನ್ನಿನ ಹದಿನೈದು ವರ್ಷದ ಹುಡುಗನೊಬ್ಬ ‘ಕಲ್ಟ್’ ಎಂಬ ಪದವಿದ್ದ ಫಲಕ ಹಿಡಿದದ್ದಕ್ಕೆ ಪೊಲೀಸರು ನೋಟಿಸು ಕೊಟ್ಟರು. ಆ ಪದ ನಿಂದನೆಯೂ ಅಲ್ಲ, ಅವಮಾನವೂ ಅಲ್ಲವೆಂದು ಪ್ರಾಸಿಕ್ಯೂಶನ್ ಇಲಾಖೆ ಪ್ರಕರಣ ಕೈಬಿಟ್ಟಿತು. ಹುಡುಗನ ಹಕ್ಕು ಉಳಿದದ್ದು ಸರಿಯೇ. ಆದರೆ ಲತೀನಿನಲ್ಲಿ ಆರಾಧನೆ ಎಂಬ ಅರ್ಥವುಳ್ಳ ಮಾತಿನಿಂದ ಬಂದ ಆ ಪದ ಬೈಗುಳವಾದಾಗ ಯಾವ ಆಚರಣೆ ಯಾರಿಗೆ ನೋವು ಮಾಡಿತೆಂಬುದು ಮರೆಯಾಗುತ್ತದೆ. ಅವರ ಸೃಷ್ಟಿಪುರಾಣವನ್ನು ಗೇಲಿಮಾಡಿದ ಫಲಕಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಕನ್ಯೆಯಲ್ಲಿ ಹುಟ್ಟಿದವನನ್ನೂ ಸತ್ತು ಎದ್ದವನನ್ನೂ ಆರಾಧಿಸುವ ನಾವು ಅಂಥ ನಗೆಯಲ್ಲಿ ಪಾಲುಗೊಳ್ಳುವುದು ವಿವೇಕವಲ್ಲ.

ಈ ಭೇದ ನಮಗೆ ಪುಸ್ತಕದ ಮಾತಲ್ಲ. ಅದೇ 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ಗುಂಪು ನುಗ್ಗಿದಾಗ ಕೇಳಿಬಂದ ಸಮರ್ಥನೆ, ಮತಾಂತರವೆಂಬ ಆಚರಣೆಯ ವಿರುದ್ಧದ ಆಕ್ರೋಶ ಎಂಬುದೇ. ಆಚರಣೆಯ ವಿರೋಧವೆಂದು ಹೇಳಿಕೊಂಡ ಮಾತ್ರಕ್ಕೆ ವಿರೋಧ ನ್ಯಾಯವಾಗುವುದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಇಲ್ಲಿ ನೆರವಿಗೆ ಬರುತ್ತದೆ. ವಿಶ್ವಾಸದ ವಿಷಯದಲ್ಲಿ ಬಲವಂತ ಸಲ್ಲದೆಂದ ಅದೇ ಘೋಷಣೆ, ಆ ಸ್ವಾತಂತ್ರ್ಯದ ನೆಪದಲ್ಲಿ ನಡೆಯುವ ದುರುಪಯೋಗದಿಂದ ತನ್ನನ್ನು ರಕ್ಷಿಸಿಕೊಳ್ಳುವ ಹಕ್ಕು ಸಮಾಜಕ್ಕುಂಟೆಂದೂ ಹೇಳುತ್ತದೆ. ದುರುಪಯೋಗ ಯಾವುದೆಂದು ಗುರುತಿಸುವ ಅಳತೆಗೋಲು ಮಾತ್ರ ನಮಗೆ ಬೇರೆಡೆ ಸಿಗಬೇಕು.

ನನ್ನ ಮಟ್ಟಿಗೆ ಅದು ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿದೆ. ತನ್ನ ಸೊತ್ತನ್ನು ‘ಕೊರ್ಬಾನ್’, ದೇವರಿಗೆ ಮೀಸಲು, ಎಂದುಬಿಟ್ಟ ಮಗನನ್ನು ತಂದೆತಾಯಿಗೆ ಏನೂ ಮಾಡದಂತೆ ತಡೆದ ಸಂಪ್ರದಾಯವನ್ನು ಯೇಸು ಬಹಿರಂಗವಾಗಿ ಖಂಡಿಸುತ್ತಾರೆ. ಅಲ್ಲಿ ಅವರು ಹರಕೆಯನ್ನು ಹಳಿಯಲಿಲ್ಲ, ದೇವಾಲಯವನ್ನೂ ಹಳಿಯಲಿಲ್ಲ. ದೇವರ ಹೆಸರಿನಲ್ಲಿ ಕರುಳಬಳ್ಳಿಯನ್ನು ಕತ್ತರಿಸುವ ಕತ್ತರಿಗೆ ಮಾತ್ರ ಕೈಹಾಕಿದರು. ಅನಾಮಿಕರ ಪ್ರತಿಭಟನೆಗಳಲ್ಲಿ ಏಪ್ರಿಲ್ 12ರದು ನನಗೆ ಎಲ್ಲಕ್ಕಿಂತ ಪಕ್ವವಾದುದೆಂದು ತೋರುವುದು ಈ ಕಾರಣಕ್ಕೆ. ಅಂದು ಅವರು ಕೈಗೆತ್ತಿಕೊಂಡದ್ದು ‘ಡಿಸ್ಕನೆಕ್ಷನ್’ ಎಂಬ ಒಂದೇ ಆಚರಣೆಯನ್ನು: ಸಂಸ್ಥೆಯ ವಿರೋಧಿಯೆಂದು ಗುರುತಿಸಲಾದವರೊಡನೆ, ಅವರು ತಾಯಿಯಾಗಲಿ ಮಗನಾಗಲಿ, ಸಂಬಂಧ ಕಡಿದುಕೊಳ್ಳುವುದು. ಅದು ಸದಸ್ಯರ ಸ್ವಂತ ಆಯ್ಕೆಯೆಂಬುದು ಸಂಸ್ಥೆಯ ವಾದ. ಕೊರ್ಬಾನ್ ಹರಕೆಯೂ ಸ್ವಂತ ಆಯ್ಕೆಯೇ ಆಗಿತ್ತು.

ಇದನ್ನು ತರಗತಿಯಲ್ಲಿ ಹೇಳಿದಾಗ ಗುರು ಅಭ್ಯರ್ಥಿಯೊಬ್ಬರು ಎದ್ದುನಿಂತು, “ಹಾಗಾದರೆ ಲೂಕ 14:26 ಏನಾಯಿತು, ಫಾದರ್?” ಎಂದರು. ತಂದೆತಾಯಿಯನ್ನು ದ್ವೇಷಿಸದವನು ಶಿಷ್ಯನಾಗಲಾರ ಎಂಬ ಆ ಕಠಿಣ ವಾಕ್ಯವು ಪ್ರೀತಿಯ ಆದ್ಯತೆಯನ್ನು ಹೇಳುವ ಸೆಮಿಟಿಕ್ ವಾಗ್ರೂಢಿಯೆಂದು ನಾನು ವಿವರಿಸಿದೆ. ಉತ್ತರ ಸರಿಯಾಗಿಯೇ ಇತ್ತು. ಆದರೂ ನನಗೇ ಸಮಾಧಾನವಾಗಲಿಲ್ಲ, ಏಕೆಂದರೆ ನನಗೊಂದು ಹಳೆಯ ಸಂಜೆ ನೆನಪಾಗಿತ್ತು. ನಾನು ತರಬೇತಿಯಲ್ಲಿದ್ದ ಮನೆಯೊಂದರಲ್ಲಿ, ಸಹಪಾಠಿಯೊಬ್ಬನಿಗೆ ತನ್ನನ್ನು ಸಾಕಿ ಬೆಳೆಸಿದ ಅಜ್ಜಿಯ ಮಣ್ಣಿಗೆ ಹೋಗಲು ಅನುಮತಿ ಸಿಗಲಿಲ್ಲ. ಅಂದು ಜಪಸರದ ವೇಳೆಯಲ್ಲಿ ಅವನು ಎಂದಿನ ಜಾಗದಲ್ಲೇ ಮೊಣಕಾಲೂರಿದ್ದ. ನಾವಾರೂ ಏನೂ ಕೇಳಲಿಲ್ಲ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ನಮಗಿಂತ ಮೃದುವಾಗಿತ್ತೆಂಬುದು ಅಚ್ಚರಿಯ ಸಂಗತಿ. 1917ರ ಸಂಹಿತೆಯಲ್ಲಿ ‘ದೂರವಿಡಬೇಕಾದವರು’ ಎಂಬ ಬಹಿಷ್ಕೃತರ ವರ್ಗವೊಂದಿತ್ತು. ಲೌಕಿಕ ವ್ಯವಹಾರದಲ್ಲೂ ಅವರೊಡನೆ ಬೆರೆಯಬಾರದೆಂದ 2267ನೆಯ ವಿಧಿ, ಸಂಗಾತಿಯನ್ನೂ ತಂದೆತಾಯಿಯನ್ನೂ ಮಕ್ಕಳನ್ನೂ ಆ ನಿಷೇಧದಿಂದ ಹೊರಗಿಟ್ಟಿತ್ತು. 1983ರ ಸಂಹಿತೆ ಆ ವರ್ಗವನ್ನೇ ಬಿಟ್ಟುಬಿಟ್ಟಿತು. 1968ರಲ್ಲಿ ರದ್ದಾಗಿದ್ದ ಡಿಸ್ಕನೆಕ್ಷನ್ ಸೈಂಟಾಲಜಿಯಲ್ಲಿ ಮರಳಿ ಬಂದದ್ದೂ 1983ರಲ್ಲೇ. (ಹಳ್ಳಿಗಳಲ್ಲಿ ಕುಟುಂಬಗಳಿಗೆ ನೀರುಬೆಂಕಿ ನಿಲ್ಲಿಸುವ ಕ್ರಮಕ್ಕೂ ಧರ್ಮಸಭೆಯ ಔಷಧರೂಪದ ದಂಡನೆಗೂ ಕನ್ನಡದಲ್ಲಿ ನಾವು ‘ಬಹಿಷ್ಕಾರ’ ಎಂಬ ಒಂದೇ ಪದ ಬಳಸುತ್ತಿರುವುದು ದುರದೃಷ್ಟ. ಜನ ಎರಡನ್ನೂ ಒಂದೇ ಎಂದು ತಿಳಿದರೆ ತಪ್ಪು ಅವರದಲ್ಲ.)

ಮುಖವಾಡದ ಬಗ್ಗೆ ಇನ್ನೂ ಒಂದು ಮಾತು ಉಳಿದಿದೆ. ನಾತಾನ್ ಪ್ರವಾದಿ ದಾವೀದನ ಮುಂದೆ ಮುಖ ಮುಚ್ಚಿಕೊಂಡು ನಿಲ್ಲಲಿಲ್ಲ. ಮತ್ತಾಯ 18ರ ಸೋದರ ತಿದ್ದುಪಡಿಯೂ ಮುಖಾಮುಖಿಯೇ. ಹಾಗೆಂದು ಅನಾಮಿಕರನ್ನು ಹೇಡಿಗಳೆನ್ನಲಾಗದು. 1971ರಲ್ಲಿ ಸೈಂಟಾಲಜಿಯನ್ನು ಟೀಕಿಸಿ ಪುಸ್ತಕ ಬರೆದ ಪೌಲೆಟ್ ಕೂಪರ್ ಮೇಲೆ ಸುಳ್ಳು ಬಾಂಬ್ ಬೆದರಿಕೆಯ ಆರೋಪ ಬಂದು, ಅದರ ಹಿಂದಿದ್ದ ಸಂಸ್ಥೆಯವರ ಸಂಚು 1977ರ ಎಫ್‌ಬಿಐ ಶೋಧದಲ್ಲಿ ಸಿಕ್ಕ ಕಾಗದಗಳಿಂದ ಬಯಲಾಯಿತು. ಇದನ್ನು ಬಲ್ಲವರು ಮುಖ ಮುಚ್ಚಿಕೊಂಡರೆ ತಪ್ಪೆನ್ನುವ ಅಧಿಕಾರ ಹೊರಗಿರುವ ನಮಗಿಲ್ಲ. ಆದರೆ ಒಳಗಿರುವವರಿಗೆ ಕಿಟಕಿಯಿಂದ ಕಂಡದ್ದು ನಗುವ ಮುಖವಾಡ ಮಾತ್ರ. ಹೊರಗೆ ಬಂದರೆ ತನ್ನನ್ನು ಬರಮಾಡಿಕೊಳ್ಳುವವರು ಯಾರೆಂದು ಅದು ಹೇಳದು.

ಅದೇ ವರ್ಷದ ಮಾರ್ಚ್ 1ರಂದು, ಆ ಸಂಸ್ಥೆಯಲ್ಲೇ ಬೆಳೆದು ಹೊರಬಂದಿದ್ದ ಮೂವರು ತರುಣಿಯರು ತಮ್ಮಂಥವರಿಗಾಗಿ ಒಂದು ಜಾಲತಾಣ ತೆರೆದರು. ಅವರಲ್ಲಿ ಜೆನ್ನಾ ಮಿಸ್ಕಾವಿಜ್ ಹಿಲ್ ಸಂಸ್ಥೆಯ ಮುಖ್ಯಸ್ಥ ಡೇವಿಡ್ ಮಿಸ್ಕಾವಿಜ್ ಅವರ ಸೋದರನ ಮಗಳು. ಅವರು ಸ್ವಂತ ಹೆಸರಿನಲ್ಲಿ ಮಾತಾಡಿದರು, ಮುಖ ತೋರಿಸಿದರು. ಹೊರಬರಲು ತವಕಿಸುವವರಿಗೆ ತಮ್ಮ ಕಥೆಗಳನ್ನೂ ಮಾತುಕತೆಯ ಒಂದು ಜಾಗವನ್ನೂ ಒದಗಿಸಿದರು. ಪಂಥಗಳ ಕುರಿತು ವ್ಯಾಟಿಕನ್ 1986ರಲ್ಲಿ ಪ್ರಕಟಿಸಿದ ವರದಿಯನ್ನು ನಮ್ಮ ಗುರುಮಠಗಳಲ್ಲಿ ಪಾಠ ಮಾಡುವಾಗ, ಜನ ಏಕೆ ಅತ್ತ ಹೋಗುತ್ತಾರೆ ಎಂಬ ಅಧ್ಯಾಯಕ್ಕೆ ನಾವು ಹೆಚ್ಚು ಹೊತ್ತು ಕೊಡುತ್ತೇವೆ. ಹಿಂದಿರುಗಿ ಬರುವವರು ಮೊದಲು ಯಾರ ಮನೆಯ ಬಾಗಿಲು ತಟ್ಟುತ್ತಾರೆ ಎಂಬುದನ್ನು ಈ ವರ್ಷದ ತರಗತಿಯಲ್ಲಿ ಕೇಳಿನೋಡಬೇಕೆಂದಿದ್ದೇನೆ.